ಕಡ ತಂದ ದನಿ

ನಮ್ಮಪ್ಪನ ಕಾಲದ ಗಂಡಸರು ಹೆಂಡತಿಗೆ ‘ನಿನ್ನನ್ನು ಕಂಡರೆ ನನಗೆ ಪ್ರೀತಿ’ ಎಂದು ಬಾಯಿಬಿಟ್ಟು ಹೇಳಿದ್ದನ್ನು ಯಾರೂ ಕೇಳಿಲ್ಲ. ಹೆಂಡತಿಯರೂ ಕೇಳಿಲ್ಲ. ಹಾಗಂತ ಆ ಸಂಸಾರಗಳಲ್ಲಿ ಪ್ರೀತಿಗೇನೂ ಬರ ಇರಲಿಲ್ಲ. ಅದನ್ನು ಹೇಳುವ ದನಿಗೆ ಮಾತ್ರ ಬರ. ಹೊತ್ತಲ್ಲದ ಹೊತ್ತಿನಲ್ಲಿ ನೆಂಟರು ಬಂದಾಗ ಪಕ್ಕದ ಮನೆಯಿಂದ ಕಾಫಿಪುಡಿ ಕಡ ತರುತ್ತಾರಲ್ಲ, ಹಾಗೆ ಅವರು ಬೇಕೆನಿಸಿದಾಗಲೆಲ್ಲ ಸಿನಿಮಾ ಗಾಯಕ ಪಿ. ಬಿ. ಶ್ರೀನಿವಾಸ್ ಅವರಿಂದ ದನಿ ಕಡ ತರುತ್ತಿದ್ದರು. ಕಾಫಿಪುಡಿಯನ್ನಾದರೂ ಮುಂದಿನ ವಾರ ಲೋಟದ ಲೆಕ್ಕದಲ್ಲಿ ಹಿಂದಿರುಗಿಸುತ್ತಿದ್ದರು. ದನಿಯನ್ನು ಯಾರೂ ಹಿಂದಿರುಗಿಸಿದ ಹಾಗೆ ಕಾಣಲಿಲ್ಲ.

ಇದರಲ್ಲಿ ನಾಚಿಕೆಪಡುವಂಥದ್ದೂ ಏನಿರಲಿಲ್ಲ. ನಾಡಿಗೆ ನಾಡೇ ಅಣ್ಣಾವ್ರು ಎಂದು ಕೈಮುಗಿಯುತ್ತಿದ್ದ ರಾಜ್‌ಕುಮಾರರೇ ಲೀಲಾವತಿ, ಜಯಂತಿ, ಭಾರತಿ, ಕಲ್ಪನಾ ಎದುರು ನಿಂತು ಒಲಿಸಿಕೊಳ್ಳುತ್ತಿದ್ದದ್ದು ಪಿ.ಬಿ.ಎಸ್. ದನಿಯಲ್ಲಿ. ತಾವು ಬರೀ ಶರೀರ, ಶಾರೀರವೆಲ್ಲ ಅವರದು ಎಂಬರ್ಥದಲ್ಲಿ ಸ್ವತಃ ಅವರೇ ಹೇಳುತ್ತಿದ್ದರು. ಆ ದನಿಗೆ ಮಾತು ಒದಗಿಸುತ್ತಿದ್ದವರು ಚಿ. ಉದಯಶಂಕರ್, ಆರ್. ಎನ್. ಜಯಗೋಪಾಲ್, ಕು. ರ. ಸೀತಾರಾಮಶಾಸ್ತ್ರಿ. ಮಟ್ಟು ಹಾಕುತ್ತಿದ್ದವರು ಜಿ. ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್–ನಾಗೇಂದ್ರ. ಹಾಡಿದ ಗಂಟಲು ಕಾಕಿನಾಡದ್ದು, ಮನೆಮಾತು ತೆಲುಗು, ಧ್ವನಿಮುದ್ರಣ ಮದರಾಸಿನಲ್ಲಿ. ಒಬ್ಬ ಕನ್ನಡದ ಗಂಡಸು ಒಬ್ಬ ಹೆಂಗಸಿಗೆ ‘ನೀನು ಚೆನ್ನಾಗಿದ್ದೀಯ’ ಎಂದು ಹೇಳಲು ಇಷ್ಟು ಜನ ಕೈಹಾಕಬೇಕಾಯಿತು. ಇನ್ನು ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರು ಒಂಟಿಯಾಗಿ ಏನು ಮಾಡಿಯಾರು?

ಆ ಗುಮಾಸ್ತರೇ ನಮ್ಮಪ್ಪ. ಇಡೀ ದಿನ ಕ್ವಿಂಟಲ್ಲು, ಹಮಾಲಿ, ದಲ್ಲಾಳಿ ಎಂದು ಬರೆದೂ ಬರೆದೂ ಮನೆಗೆ ಬರುವಷ್ಟರಲ್ಲಿ ಅವರ ಮಾತೆಲ್ಲ ಖರ್ಚಾಗಿರುತ್ತಿತ್ತು. ‘ಏನೇ, ನೀರು ಕೊಡು’ ಎನ್ನುವುದಕ್ಕಿಂತ ಉದ್ದದ ವಾಕ್ಯವನ್ನು ಅವರು ಅಮ್ಮನೊಡನೆ ಆಡುತ್ತಿದ್ದದ್ದು ರೇಷನ್ ಕಾರ್ಡು ಕಾಣದಿದ್ದಾಗ ಮಾತ್ರ. ಇಂಥವರು ಎಂಬತ್ತರ ದಶಕದ ಒಂದು ಭಾನುವಾರ, ಮಂಡಿಯ ಹಳೇ ಬಿಲ್ಲಿನ ಹಿಂಬದಿಯಲ್ಲಿ ಒಂದು, ಎರಡು ಎಂದು ಅಂಕಿ ಹಾಕಿಕೊಂಡು ಪಿ.ಬಿ.ಎಸ್. ಹಾಡುಗಳ ಪಟ್ಟಿ ಬರೆಯಲು ಕೂತರು. ಮನೆಗೆ ಹೊಸದಾಗಿ ಟೇಪ್‌ರೆಕಾರ್ಡರ್ ಬಂದಿತ್ತು. ಅದರ ಮೇಲೆ ಅಮ್ಮ ಹೆಣೆದ ಕ್ರೋಶಾ ಬಟ್ಟೆಯೂ ಬಂದಿತ್ತು. ಬರಬೇಕಾದದ್ದು ಕ್ಯಾಸೆಟ್ಟು ಮಾತ್ರ.

ಅಂಗಡಿಯಲ್ಲಿ ‘ಪಿ.ಬಿ.ಎಸ್. ಪ್ರೇಮಗೀತೆಗಳು’ ಎಂದು ತಯಾರಾದ ಕ್ಯಾಸೆಟ್ಟುಗಳು ಸಿಗುತ್ತಿರಲಿಲ್ಲ ಎಂದಲ್ಲ. ಆದರೆ ಅಪ್ಪನ ತಕರಾರು ಬೇರೆ. ‘ಯಾವನೋ ಆರಿಸಿಟ್ಟಿದ್ದನ್ನ ನಾನ್ಯಾಕೆ ಕೇಳ್ಲಿ?’ ಯೋಚಿಸಿದರೆ ಅದೂ ನಿಜವೇ. ಜನಪ್ರಿಯ ಹಾಡುಗಳ ಸಂಕಲನದಲ್ಲಿ ಹಾಡಿದವನಿಗೆ ಯಾವ ಮಾತೂ ಇರುವುದಿಲ್ಲ. ಅವನು ಪ್ರಾಣ ತೇಯ್ದು ಹಾಡಿದ್ದನ್ನು ಬಿಟ್ಟು, ಅವನು ಮರೆತೇಬಿಟ್ಟಿದ್ದ ಹಾಡನ್ನು ಹಾಕಿರುತ್ತಾರೆ. ಹಾಗಾಗಿ ಅಪ್ಪ ಹಿಡಿದದ್ದು ರೆಕಾರ್ಡಿಂಗ್ ಅಂಗಡಿಯ ದಾರಿ. ಖಾಲಿ ಕ್ಯಾಸೆಟ್ಟು ಮತ್ತು ಪಟ್ಟಿ ಕೊಟ್ಟರೆ, ಗಾಜಿನ ಬೀರುವಿನಲ್ಲಿದ್ದ ಎಲ್.ಪಿ.ಗಳಿಂದ ಅವರು ತುಂಬಿಸಿಕೊಡುತ್ತಿದ್ದರು. ಇದು ಕಾನೂನಿಗೆ ಸರಿಯೋ ಎಂದು ಕೇಳಿದವರು ಊರಲ್ಲಿ ಇರಲಿಲ್ಲ, ಕೇಳಬೇಕಾಗಿದ್ದ ಪೊಲೀಸಪ್ಪನ ಪಟ್ಟಿಯೇ ಅಂಗಡಿಯಲ್ಲಿ ನಮಗಿಂತ ಮೊದಲು ಸರದಿಯಲ್ಲಿತ್ತು.

ಪಟ್ಟಿ ತಯಾರಾಗುವುದು ಅಪ್ಪ ಅಂದುಕೊಂಡಷ್ಟು ಸುಲಭವಾಗಲಿಲ್ಲ. ಅವರು ಬರೆದ ಮೊದಲ ಹೆಸರು ‘ಒಲವಿನ ಪ್ರಿಯಲತೆ’. ಅದು 1963ರ ‘ಕುಲವಧು’ವಿನದು. ಅಡುಗೆಮನೆಯಿಂದ ಅಮ್ಮ, ‘ಆ ಸಿನಿಮಾ ಬಂದಾಗ ನಮ್ಮದಿನ್ನೂ ಮದುವೆಯೇ ಆಗಿರಲಿಲ್ಲ, ಯಾರನ್ನ ನೆನೆಸ್ಕೊಂಡು ಬರೀತಿದೀರಿ?’ ಎಂದರು. ಅಪ್ಪ ತಲೆ ಎತ್ತದೆ ಅದನ್ನು ಎರಡನೆಯ ಸಾಲಿಗಿಳಿಸಿ, ‘ಕಸ್ತೂರಿ ನಿವಾಸ’ದ ‘ನೀ ಬಂದು ನಿಂತಾಗ’ವನ್ನು ಮೊದಲಿಗೆ ತಂದರು. ಅದು 1971ರದು, ಮದುವೆಯಾದ ಮೇಲಿನದು. ಜಗಲಿಯಲ್ಲಿ ಅಡಿಕೆ ಕುಟ್ಟುತ್ತಿದ್ದ ಅಜ್ಜಿ ಅಷ್ಟಕ್ಕೇ ಬಿಡಲಿಲ್ಲ. ‘ಭಕ್ತ ಕನಕದಾಸದ ಹಾಡು ಹಾಕ್ಸಿದೀಯೇನೋ?’

‘ಇದು ಪ್ರೀತಿ ಹಾಡುಗಳ ಕ್ಯಾಸೆಟ್ಟು ಕಣಮ್ಮ.’

‘ದೇವರ ಮೇಲಿನದು ಪ್ರೀತಿ ಅಲ್ವೇನೋ? ಹೆಂಡ್ತಿ ಮೇಲಿನದೇ ಪ್ರೀತಿಯೋ?’

ಅಮ್ಮನೂ ಕೇಳಿಸಿಕೊಳ್ಳುವಂತೆ ಈ ಪ್ರಶ್ನೆಗೆ ಉತ್ತರ ಕೊಡುವ ಧೈರ್ಯ ನಮ್ಮಪ್ಪನಿಗಷ್ಟೇ ಅಲ್ಲ, ಇಡೀ ತುಮಕೂರು ಜಿಲ್ಲೆಯಲ್ಲಿ ಯಾರಿಗೂ ಇರಲಿಲ್ಲ. ‘ಬಾಗಿಲನು ತೆರೆದು’ ಮೊದಲ ಹಾಡಾಯಿತು. 1960ರ ಆ ಚಿತ್ರದಿಂದಲೇ ರಾಜ್‌ಕುಮಾರ್‌ಗೆ ಪಿ.ಬಿ.ಎಸ್. ದನಿ ಅಂಟಿಕೊಂಡದ್ದು ಎನ್ನುವುದರಿಂದ ಚರಿತ್ರೆಯ ಪ್ರಕಾರ ಅಜ್ಜಿಯದೇ ಸರಿಯಾದ ಕ್ರಮ. ಆಮೇಲೆ ಕನ್ನಡ ಸಂಘದ ಖಜಾಂಚಿಯಾಗಿದ್ದ ಚಿಕ್ಕಪ್ಪ ಬಂದು ‘ಗಂಧದ ಗುಡಿ’ಯ ‘ನಾವಾಡುವ ನುಡಿಯೇ’ ಇಲ್ಲದ ಪಟ್ಟಿಯನ್ನು ತಾವು ಒಪ್ಪುವುದಿಲ್ಲವೆಂದರು. ನಮಗೆ, ಅಂದರೆ ಮಕ್ಕಳಿಗೆ, ‘ನಾಂದಿ’ಯ ‘ಹಾಡೊಂದ ಹಾಡುವೆ’ ಬೇಕಾಗಿತ್ತು. ಕೊನೆಗೆ ತಯಾರಾದ ಪ್ರೇಮಗೀತೆಗಳ ಕ್ಯಾಸೆಟ್ಟಿನಲ್ಲಿ ಒಂದು ಕೀರ್ತನೆ, ಒಂದು ನಾಡಗೀತೆ, ಒಂದು ಜೋಗುಳ, ಮಿಕ್ಕ ಜಾಗದಲ್ಲಿ ಪ್ರೇಮ. ಈಗ ಎಣಿಸಿದರೆ ನಮ್ಮ ಸಂಸಾರಗಳಲ್ಲಿ ಪ್ರೇಮಕ್ಕೆ ಸಿಗುತ್ತಿದ್ದ ಪಾಲೂ ಅಷ್ಟೇ.

ಆಶ್ಚರ್ಯವೆಂದರೆ, ಕೇಳುವಾಗ ಇವೆಲ್ಲ ಬೇರೆ ಬೇರೆ ಅನ್ನಿಸುತ್ತಲೇ ಇರಲಿಲ್ಲ. ದೇವರ ಬಾಗಿಲ ಮುಂದೆ ನಿಂತಾಗಲೂ ಮಗುವನ್ನು ಮಲಗಿಸುವಾಗಲೂ ಹುಡುಗಿಯನ್ನು ಕರೆಯುವಾಗಲೂ ಪಿ.ಬಿ.ಎಸ್. ಅದೇ ದನಿಯಲ್ಲಿ ಕೇಳಿಕೊಳ್ಳುತ್ತಾರೆ. ‘ಕೊಟ್ಟರೆ ಸಂತೋಷ, ಕೊಡದಿದ್ದರೂ ನನಗೇನೂ ಬೇಜಾರಿಲ್ಲ’ ಎನ್ನುವ ದನಿ. ಇಷ್ಟು ಮೆತ್ತನೆಯ ಮನುಷ್ಯರ ಪೂರ್ತಿ ಹೆಸರು ಪ್ರತಿವಾದಿ ಭಯಂಕರ ಶ್ರೀನಿವಾಸ್. ವಾದದಲ್ಲಿ ಎದುರಾಳಿಗಳನ್ನು ನಡುಗಿಸಿದ ಶ್ರೀವೈಷ್ಣವ ಆಚಾರ್ಯರಿಂದ ಬಂದ ಮನೆತನದ ಬಿರುದು ಅದು. ವೆಂಕಟೇಶ ಸುಪ್ರಭಾತ ರಚಿಸಿದವರೂ ಅದೇ ಬಿರುದಿನವರು. ಹೆಸರು ಓದಿದ ಮೇಲೆ ಹಾಡು ಕೇಳಿದರೆ, ಯಾರೋ ವಿಳಾಸ ತಪ್ಪಿ ಅಂಚೆ ಹಾಕಿದ್ದಾರೆ ಅನ್ನಿಸುತ್ತದೆ.

ಹುಟ್ಟಿದ್ದು 1930ರ ಸೆಪ್ಟೆಂಬರ್ 22ರಂದು. ಮಗ ಸರ್ಕಾರಿ ಕೆಲಸ ಹಿಡಿಯಲಿ ಎಂದು ತಂದೆಗೆ ಆಸೆ. ಜ್ಯೋತಿಷಿಗೆ ಜಾತಕ ತೋರಿಸಿದರೆ, ಈ ಹುಡುಗನಿಗೆ ಹಾಡುಗಾರಿಕೆಯಲ್ಲಿ ಭವಿಷ್ಯವಿಲ್ಲ ಎಂದು ಅವರು ಹೇಳಿದ್ದರಂತೆ. ಹುಡುಗ ಮದರಾಸಿಗೆ ಹೋಗಿ, ಜೆಮಿನಿ ಸ್ಟುಡಿಯೋದ ‘ಮಿಸ್ಟರ್ ಸಂಪತ್’ ಎಂಬ ಹಿಂದಿ ಚಿತ್ರದಲ್ಲಿ 1952ರಲ್ಲಿ ಹಾಡಿದ. ಮರುವರ್ಷ ಆರ್. ನಾಗೇಂದ್ರರಾಯರು ಅವರನ್ನು ಕನ್ನಡದಲ್ಲಿ ಹಾಡಿಸಿದರು. ಆ ಚಿತ್ರದ ಹೆಸರು ‘ಜಾತಕ ಫಲ’. ಜ್ಯೋತಿಷಿ ಆ ಸಿನಿಮಾಕ್ಕೆ ಟಿಕೆಟ್ ತೆಗೆಸಿದರೋ ಇಲ್ಲವೋ.

ಈ ಮೆತ್ತಗಿನ ದನಿ ಹುಟ್ಟಿದ್ದಕ್ಕೆ ಒಂದು ಯಂತ್ರ ಕಾರಣ. ಮೈಕು ಬರುವ ಮುಂಚೆ ಕಂಪನಿ ನಾಟಕದ ನಾಯಕ ನಾಯಕಿಗೆ ‘ಪ್ರಿಯೇ’ ಎಂದರೆ ಅದು ಮೊದಲು ಕೇಳಿಸಬೇಕಾದದ್ದು ಹಿಂದಿನ ಸಾಲಿನಲ್ಲಿ ನೆಲಕ್ಕೆ ಕೂತು ಕಡಲೆಕಾಯಿ ತಿನ್ನುತ್ತಿದ್ದವನಿಗೆ. ಪಕ್ಕದಲ್ಲಿದ್ದ ನಾಯಕಿಯ ಕಿವಿಯ ಗತಿ ದೇವರಿಗೇ ಪ್ರೀತಿ. ಅಮೆರಿಕದಲ್ಲಿ 1925ರ ಸುಮಾರಿಗೆ ವಿದ್ಯುತ್ ಧ್ವನಿಮುದ್ರಣ ಶುರುವಾದ ಮೇಲೆ ರೂಡಿ ವ್ಯಾಲಿ, ಬಿಂಗ್ ಕ್ರಾಸ್ಬಿ ಮೊದಲಾದವರು ಮೈಕಿನ ಹತ್ತಿರ ಬಾಯಿಟ್ಟು ಗುಟ್ಟು ಹೇಳುವಂತೆ ಹಾಡತೊಡಗಿದರು. ಹೆಂಗಸರು ಮರುಳಾದರು. ಗಂಡಸರು ಸಿಟ್ಟಾದರು. 1932ರಲ್ಲಿ ಬಾಸ್ಟನ್ನಿನ ಕಾರ್ಡಿನಲ್ ಓಕಾನಲ್ ಎಂಬ ಧರ್ಮಗುರುಗಳು, ಇದು ಗಂಡಸರಿಗೆ ಶೋಭೆಯಲ್ಲ ಎಂಬರ್ಥದಲ್ಲಿ ಬಹಿರಂಗವಾಗಿಯೇ ಬೈದರು. ಅವರನ್ನು ಕಂಡೂ ಕೇಳಿಯೂ ಇಲ್ಲದ ನಮ್ಮ ತಾತನ ಅಭಿಪ್ರಾಯವೂ ಅದೇ ಆಗಿತ್ತು. ಹೊನ್ನಪ್ಪ ಭಾಗವತರ ಹಾಡು ಕೇಳಿ ಬೆಳೆದವರು ಅವರು. ‘ಗಂಡಸಾದವನು ಗಂಟಲು ಬಿಟ್ಟು ಹಾಡಬೇಕು ಕಣಯ್ಯ. ಇವನೇನು, ಮಗು ಎದ್ದೀತು ಅಂತ ಹಾಡ್ತಾನೆ’ ಎನ್ನುತ್ತಿದ್ದರು. ತಾತ ಬೈದದ್ದರಲ್ಲೇ ಹೊಗಳಿಕೆ ಇತ್ತು. ವಠಾರದ ಮನೆಗಳಲ್ಲಿ, ಗೋಡೆಯಾಚೆ ಅತ್ತೆ ಮಾವ ಮಲಗಿರುವಾಗ, ಮಗು ಏಳದಂತೆ ಆಡುವ ಮಾತಲ್ಲದೆ ಪ್ರೀತಿಯ ಮಾತು ಇನ್ನೇನಿತ್ತು?

ರಾಜ್‌ಕುಮಾರ್ ಬಂದದ್ದು ಗುಬ್ಬಿ ವೀರಣ್ಣನವರ ಕಂಪನಿಯಿಂದ, ಅಂದರೆ ಗಂಟಲು ಬಿಟ್ಟು ಹಾಡುವವರ ಗರಡಿಯಿಂದ. ಹಾಡಲು ಬಾರದೆ ಕಡ ತಂದವರಲ್ಲ ಅವರು. ಪೆಟ್ಟಿಗೆಯಲ್ಲಿ ತಮ್ಮದೇ ಚಿನ್ನವಿಟ್ಟುಕೊಂಡು ಹತ್ತಾರು ವರ್ಷ ಇನ್ನೊಬ್ಬರ ಸರ ಹಾಕಿಕೊಂಡು ತಿರುಗಿದರು. ತಮಿಳಿನಲ್ಲಿ ಪ್ರೇಮದ ದೊರೆ ಎಂದೇ ಹೆಸರಾದ ಜೆಮಿನಿ ಗಣೇಶನ್ ಒಲಿಸಿಕೊಳ್ಳುತ್ತಿದ್ದದ್ದೂ ಇದೇ ಸರದಲ್ಲಿ. ಬೆಳಿಗ್ಗೆ ಒಂದು ಸ್ಟುಡಿಯೋದಲ್ಲಿ ತಮಿಳು ಹುಡುಗಿಗೆ, ಮಧ್ಯಾಹ್ನ ಇನ್ನೊಂದರಲ್ಲಿ ಕನ್ನಡದ ಹುಡುಗಿಗೆ ಅದೇ ಗಂಟಲು ಬೇಡಿಕೊಳ್ಳುತ್ತಿತ್ತು. 1972ರ ‘ನಾಗರಹಾವು’ ಚಿತ್ರದಲ್ಲಿ ಹಂಚಿಕೆ ಇನ್ನೂ ಚೊಕ್ಕ. ಚಿತ್ರದುರ್ಗದ ಕೋಟೆಯಲ್ಲಿ ವಿಷ್ಣುವರ್ಧನ್ ಪ್ರೀತಿಯಿಂದ ಕರೆಯುವ ‘ಬಾರೇ ಬಾರೇ’ ಪಿ.ಬಿ.ಎಸ್. ಪಾಲಿಗೆ, ‘ಹಾವಿನ ದ್ವೇಷ’ ಎಸ್. ಪಿ. ಬಾಲಸುಬ್ರಹ್ಮಣ್ಯಂ ಪಾಲಿಗೆ. ದ್ವೇಷ ಮಾಡಿಸಲು ವಿಜಯಭಾಸ್ಕರ್ ಅವರಿಗೂ ಪಿ.ಬಿ.ಎಸ್. ಮೇಲೆ ಭರವಸೆ ಇರಲಿಲ್ಲ ಎಂದು ಕಾಣುತ್ತದೆ.

ಕ್ಯಾಸೆಟ್ಟು ಕೈಗೆ ಬಂದಾಗ ಅದರ ‘ಎ’ ಬದಿಯ ಕೊನೆಯ ಹಾಡು ‘ಎರಡು ಕನಸು’ ಚಿತ್ರದ ‘ಬಾಡಿ ಹೋದ ಬಳ್ಳಿಯಿಂದ’. ಅದು ಎರಡನೇ ಚರಣದ ನಡುವೆ, ಇನ್ನೇನು ದನಿ ಮೇಲಕ್ಕೇರಬೇಕು ಎನ್ನುವಲ್ಲಿ ‘ಟಕ್’ ಎಂದು ನಿಲ್ಲುತ್ತಿತ್ತು. ಸುರುಳಿ ಮುಗಿದುಹೋಗಿತ್ತು. ಅಂಗಡಿಯವರು ಅಳತೆ ನೋಡದೆ ತುಂಬಿಸಿದ್ದರು. ತೂಕದಲ್ಲಿ ನೂರು ಗ್ರಾಂ ಹೆಚ್ಚುಕಡಿಮೆಯಾದರೂ ಮಂಡಿಯನ್ನೇ ಎತ್ತಿ ಇಳಿಸುತ್ತಿದ್ದ ಅಪ್ಪ ಇದನ್ನು ಮಾತ್ರ ಸುಮ್ಮನೆ ಒಪ್ಪಿಕೊಂಡರು. ಬಚ್ಚಲಲ್ಲಿ ಆ ಹಾಡು ಗುನುಗಿಕೊಳ್ಳುವಾಗ ಅಪ್ಪನೂ ಅದೇ ಜಾಗಕ್ಕೆ ಬಂದು ನಿಲ್ಲಿಸಿ, ಚೊಂಬನ್ನು ಹಂಡೆಗೆ ‘ಟಕ್’ ಎಂದು ತಗುಲಿಸುತ್ತಿದ್ದರು. ಒಮ್ಮೆ ಆಕಾಶವಾಣಿಯಲ್ಲಿ ಹಾಡು ಪೂರ್ತಿ ಬಂದಾಗ ಅಮ್ಮ, ‘ಇದ್ಯಾಕ್ರೀ ಇಷ್ಟೊಂದು ಎಳೀತಿದಾರೆ?’ ಎಂದರು.

ಆ ಕ್ಯಾಸೆಟ್ಟು ಮನೆಯಲ್ಲಿ ಮಾಡುತ್ತಿದ್ದ ಕೆಲಸ ನಮಗೆ ಅರ್ಥವಾಗಲು ಸ್ವಲ್ಪ ಕಾಲ ಹಿಡಿಯಿತು. ರಾತ್ರಿ ಅಪ್ಪ ಅಮ್ಮನಿಗೆ ಮಾತಿಗೆ ಮಾತು ಬೆಳೆದು, ಅಮ್ಮ ಪಾತ್ರೆ ಕುಕ್ಕಿ ಮಲಗಿದ್ದರೆ, ಬೆಳಿಗ್ಗೆ ಅಪ್ಪ ಗಡ್ಡ ಹೆರೆಯುವ ಮೊದಲು ಟೇಪಿನ ಗುಂಡಿ ಒತ್ತುತ್ತಿದ್ದರು. ಮೊದಲ ಹಾಡು ಅಜ್ಜಿಯ ಕೀರ್ತನೆ, ಅದನ್ನು ಮುಂದೆ ಓಡಿಸುವಂತಿರಲಿಲ್ಲ. ಅಜ್ಜಿ ಕಣ್ಣುಮುಚ್ಚಿ ಕೂತಿರುತ್ತಿದ್ದರು. ಹೀಗಾಗಿ ನಮ್ಮ ಮನೆಯಲ್ಲಿ ಪ್ರತಿ ರಾಜಿಯೂ ದೇವರ ಪ್ರಾರ್ಥನೆಯಿಂದ ಆರಂಭವಾಗುತ್ತಿತ್ತು. ಎರಡನೆಯದು ‘ನೀ ಬಂದು ನಿಂತಾಗ’. ಅದು ಬರುವ ಹೊತ್ತಿಗೆ ಅಪ್ಪ ಮುಖಕ್ಕೆಲ್ಲ ಸೋಪಿನ ನೊರೆ ಬಳಿದುಕೊಂಡು, ಕನ್ನಡಿ ಬಿಟ್ಟು ಅತ್ತಿತ್ತ ನೋಡದೆ ನಿಂತಿರುತ್ತಿದ್ದರು. ಮುಖ ಕೆಂಪಾದರೂ ನೊರೆಯ ಅಡಿಯಲ್ಲಿ ಯಾರಿಗೆ ಕಾಣಬೇಕು?

ಅಮ್ಮನ ಉತ್ತರವೂ ಟೇಪಿನಲ್ಲೇ. ಸಿಟ್ಟು ಇಳಿದಿದ್ದರೆ ಅಡುಗೆಮನೆಯಿಂದಲೇ, ಆ ಹಾಡಿನಲ್ಲಿ ಜೊತೆಗಿದ್ದ ಗಾಯಕಿ ಸುಶೀಲಾ ಅವರ ಪಾಲನ್ನು ಒಗ್ಗರಣೆ ಸದ್ದಿನ ಜೊತೆ ಬೆರೆಸಿ ಗುನುಗುತ್ತಿದ್ದರು. ಇಳಿದಿರದಿದ್ದರೆ ಕೈ ಒರೆಸಿಕೊಂಡು ಬಂದು, ಹಾಡು ನಡೆಯುತ್ತಿದ್ದಾಗಲೇ ಕ್ಯಾಸೆಟ್ಟು ತೆಗೆದು ‘ಬಿ’ ಬದಿಗೆ ತಿರುಗಿಸಿ ಹಾಕುತ್ತಿದ್ದರು. ಅಲ್ಲಿ ಮೊದಲಿಗೇ ಚಿಕ್ಕಪ್ಪನ ನಾಡಗೀತೆ. ಕನ್ನಡದ ಹಿರಿಮೆ ಮೊಳಗತೊಡಗಿತೆಂದರೆ ಅವತ್ತು ಮಧ್ಯಾಹ್ನ ಅಪ್ಪನಿಗೆ ಡಬ್ಬಿಯಲ್ಲಿ ಚಿತ್ರಾನ್ನವೇ ಗತಿ ಎಂದು ನಮಗೆ ಗೊತ್ತಾಗಿಬಿಡುತ್ತಿತ್ತು. ಇವತ್ತಿಗೂ ನವೆಂಬರ್ ಒಂದರಂದು ಬೀದಿಯ ಮೈಕಿನಲ್ಲಿ ಆ ಹಾಡು ಬಂದರೆ ಎಲ್ಲರಿಗೂ ರೋಮಾಂಚನವಾಗುತ್ತದೆ, ನನಗೆ ಮಾತ್ರ ಮನೆಯಲ್ಲಿ ಏನು ನಡೆದಿದೆಯೋ ಎಂದು ಸಣ್ಣಗೆ ದಿಗಿಲಾಗುತ್ತದೆ.

ಕಾಲೇಜಿಗೆ ಬಂದ ಮೇಲೆ ನನಗೂ ದನಿಯೊಂದು ಬೇಕಾಯಿತು. ಆಗ ಹುಡುಗರೆಲ್ಲ ಎಸ್.ಪಿ.ಬಿ.ಯವರಿಂದ ತರುತ್ತಿದ್ದರು. ಎಲ್ಲರೂ ತರುವ ಕಡೆ ನಾನೇಕೆ ಹೋಗಲಿ ಎಂದು, ಅಪ್ಪನ ಕ್ಯಾಸೆಟ್ಟಿನಿಂದಲೇ ನಕಲು ಮಾಡಿಸಿ, ಕೀರ್ತನೆ ಮತ್ತು ಜೋಗುಳ ತೆಗೆಸಿ, ಹಸಿರು ಶಾಯಿಯಲ್ಲಿ ಹೆಸರುಗಳನ್ನು ಬರೆದು ಸಹಪಾಠಿಯೊಬ್ಬಳಿಗೆ ಕೊಟ್ಟೆ. ನಾಲ್ಕು ದಿನ ಬಿಟ್ಟು ಅವಳು ನಗುನಗುತ್ತ ಹಿಂದಕ್ಕೆ ಕೊಟ್ಟಳು. ‘ತುಂಬ ಚೆನ್ನಾಗಿದೆ ಕಣೋ. ನಮ್ಮಪ್ಪನ ಹತ್ರ ಇಂಥದ್ದೇ ಮೂರಿದೆ. ನಿನ್ನದನ್ನೂ ಅವರೇ ಕೇಳಿದ್ರು, ಒಳ್ಳೇ ಹುಡುಗ, ಮನೆಗೆ ಕರ್ಕೊಂಡ್ ಬಾ ಅಂದ್ರು.’ ಹೋದೆ. ಅವರಪ್ಪನೂ ನಾನೂ ಕೂತು ಜಿ. ಕೆ. ವೆಂಕಟೇಶ್ ದೊಡ್ಡವರೋ ರಾಜನ್–ನಾಗೇಂದ್ರ ದೊಡ್ಡವರೋ ಎಂದು ಸಂಜೆಯವರೆಗೆ ಚರ್ಚಿಸಿದೆವು. ಅವಳು ಎರಡು ಸಲ ಕಾಫಿ ತಂದಿಟ್ಟು, ಮೂರನೇ ಸಲ ಗೆಳತಿಯ ಜೊತೆ ಸಿನಿಮಾಕ್ಕೆ ಹೊರಟಳು. ಪಿ.ಬಿ.ಎಸ್. ದನಿ ಹೆಣ್ಣಿನ ಮನಸ್ಸನ್ನು ಗೆಲ್ಲಲು ಇವತ್ತಿಗೂ ಸಾಕು, ಆದರೆ ಅವಳಪ್ಪನ ಮನಸ್ಸನ್ನು ಅದಕ್ಕಿಂತ ಬೇಗ ಗೆದ್ದುಬಿಡುತ್ತದೆ.

ಅಷ್ಟು ಹೊತ್ತಿಗೆ ಆ ದನಿಗೆ ಕನ್ನಡ ಚಿತ್ರಗಳಲ್ಲಿ ಕೆಲಸ ಕಡಿಮೆಯಾಗಿ ವರ್ಷಗಳೇ ಕಳೆದಿದ್ದವು. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಬಂತು. ಅದರಲ್ಲಿ ರಾಜ್‌ಕುಮಾರ್ ಎಮ್ಮೆಯ ಮೇಲೆ ಕೂತು ‘ಯಾರೇ ಕೂಗಾಡಲಿ’ಯನ್ನು ತಮ್ಮದೇ ಗಂಟಲಿನಲ್ಲಿ ಹಾಡಿದರು. ನಾಡು ಹುಚ್ಚೆದ್ದು ಕುಣಿಯಿತು. ಆಮೇಲೆ ಅಣ್ಣಾವ್ರು ತಮ್ಮ ಹಾಡುಗಳನ್ನು ತಾವೇ ಹಾಡುತ್ತ ಹೋದರು. ಅದೇ ವರ್ಷದ ‘ಎರಡು ಕನಸು’ ಚಿತ್ರದಲ್ಲಿ ಪಿ.ಬಿ.ಎಸ್. ತಮ್ಮ ಅತ್ಯುತ್ತಮ ಹಾಡುಗಳಲ್ಲಿ ಕೆಲವನ್ನು ಹಾಡಿಟ್ಟಿದ್ದರು. ತಾವು ಬೀದಿಗೆ ಕಡ ಕೊಟ್ಟದ್ದರ ಲೆಕ್ಕವನ್ನೆಲ್ಲ ಚುಕ್ತಾ ಮಾಡುವ ಮುನ್ನ ಕೊನೆಯದಾಗಿ ಒಂದು ತುಂಬಿದ ಡಬ್ಬಿ ಕೊಟ್ಟುಕಳಿಸಿದ ಹಾಗೆ. ‘ಹಿಟ್ಸ್’ ಎಂಬ ಕ್ಯಾಸೆಟ್ಟುಗಳು ಬರುತ್ತಿದ್ದದ್ದೂ ಹಿಟ್ಟುಗಳು ನಿಂತ ಮೇಲೆಯೇ. ಹಾಡುವವನು ಇನ್ನೂ ದಿನವೂ ಹಾಡುತ್ತಿದ್ದರೆ ಅವನ ಹಳೆಯದನ್ನು ಆಯ್ದು ಪೋಣಿಸುವ ಪುರುಸೊತ್ತು ಯಾರಿಗಿರುತ್ತದೆ?

ಪಿ.ಬಿ.ಎಸ್. ಮಾತ್ರ ಯಾರ ಮೇಲೂ ಮುನಿಸಿಕೊಂಡ ಸುದ್ದಿಯಿಲ್ಲ. ಮದರಾಸಿನ ಕೆಥೆಡ್ರಲ್ ರಸ್ತೆಯಲ್ಲಿ ನಮ್ಮ ಉಡುಪಿ ಕಡೆಯ ಕೃಷ್ಣರಾಯರು ಕಟ್ಟಿದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿತ್ತು. ತಲೆಗೆ ಟೋಪಿ, ಅಂಗಿಯ ಜೇಬಿನ ತುಂಬ ಬಣ್ಣಬಣ್ಣದ ಪೆನ್ನು ಇಟ್ಟುಕೊಂಡು ಅವರು ಅಲ್ಲಿ ಬಂದು ಕೂತು ಬರೆಯುತ್ತಿದ್ದರು. ಎಂಟು ಭಾಷೆಗಳಲ್ಲಿ ಬರೆಯುತ್ತಿದ್ದರು, ಗಜಲ್ ಕೂಡ. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಾಗ ಇಂಗ್ಲಿಷಿನಲ್ಲಿ ಹಾಡು ಬರೆದು, ಎಸ್. ಜಾನಕಿಯವರ ಜೊತೆ ಹಾಡಿ ರೆಕಾರ್ಡು ತಂದವರು. ಅಷ್ಟೂ ವರ್ಷ ನಾಯಕರ ಪರವಾಗಿ ಚಂದ್ರನಿಗೆ ಅರ್ಜಿ ಹಾಕಿ ಹಾಕಿ, ಆ ಒಂದು ಸಲ ಸ್ವಂತ ಹೆಸರಿನಲ್ಲಿ ಹಾಕಿದರು ಎನ್ನಬೇಕು. 2008ರಲ್ಲಿ ಆ ಹೋಟೆಲು ಮುಚ್ಚಿ ಆ ಜಾಗದಲ್ಲಿ ಉದ್ಯಾನವಾಯಿತು. 2013ರ ಏಪ್ರಿಲ್ 14ರಂದು ಪಿ.ಬಿ.ಎಸ್. ತೀರಿಕೊಂಡರು. ರಾಜ್‌ಕುಮಾರ್ ಹೋದದ್ದು 2006ರ ಏಪ್ರಿಲ್ 12ಕ್ಕೆ. ಹಾಡಿನಲ್ಲಿ ತುಟಿಗೂ ದನಿಗೂ ಒಂದು ಕ್ಷಣದ ಅಂತರ ಬಿಡದೆ ನಡೆದವರು, ಇಲ್ಲಿ ಮಾತ್ರ ಏಳು ವರ್ಷ ಎರಡು ದಿನ ಹಿಂದೆ ಮುಂದೆ ಆದರು.

ಅಪ್ಪ ಈಗಿಲ್ಲ. ಅಮ್ಮನನ್ನು ಒಮ್ಮೆ ಕೇಳಿದೆ. ‘ಅಪ್ಪ ಯಾವತ್ತಾದರೂ ತಾವೇ ಬಾಯಿಬಿಟ್ಟು ಹೇಳಿದ್ರಾ?’ ಸೊಪ್ಪು ಬಿಡಿಸುತ್ತಿದ್ದವರು ಕೈ ನಿಲ್ಲಿಸಲಿಲ್ಲ. ‘ಒಂದು ಸಲ ಹೇಳೋಕೆ ಬಂದಿದ್ರಪ್ಪ. ಕರೆಂಟ್ ಹೋಗಿತ್ತು, ಟೇಪ್ ಹಾಕೋ ಹಾಗಿರಲಿಲ್ಲ. ಬಂದು ಎದುರಿಗೆ ನಿಂತರು, ಗಂಟಲು ಸರಿಮಾಡ್ಕೊಂಡರು, “ಕೊಬ್ಬರಿ ರೇಟು ಏರಿದೆ ಕಣೇ” ಅಂದ್ರು. ಪಾಪ, ಶ್ರೀನಿವಾಸ್ ಇದ್ದಿದ್ದಕ್ಕೆ ನಮ್ಮ ಸಂಸಾರ ನಡೀತು.’

ಈಗ ಎಲ್ಲವೂ ಸುಲಭ. ಫೋನಿನಲ್ಲಿ ಹೆಸರು ಹೇಳಿದರೆ ಪಿ.ಬಿ.ಎಸ್. ಹಾಡಿದ ನೂರಾರು ಹಾಡು ಸಾಲಾಗಿ ಬಂದು ನಿಲ್ಲುತ್ತವೆ. ಯಾವುದೂ ಚರಣದ ನಡುವೆ ನಿಲ್ಲುವುದಿಲ್ಲ. ಅಜ್ಜಿಯನ್ನು ಒಪ್ಪಿಸಬೇಕಾಗಿಲ್ಲ, ಸಂಘದ ಖಜಾಂಚಿಗೆ ಹೆದರಬೇಕಾಗಿಲ್ಲ. ಹಾಡುಗಳು ಮುಗಿಯುವುದೇ ಇಲ್ಲವಾದ್ದರಿಂದ ಯಾವ ಹಾಡಿಗೂ ಅದು ನಮ್ಮ ಮನೆಯದು ಎನ್ನಿಸಿಕೊಳ್ಳುವ ಯೋಗವಿಲ್ಲ. ಆದರೂ ಕಡ ತರುವ ಚಾಳಿ ರಕ್ತದಲ್ಲಿದೆ. ಮೊನ್ನೆ ಹೆಂಡತಿಯೊಡನೆ ಯಾವುದೋ ಮದುವೆಗೆ ಹೋಗುವ ಬಿಡುವ ವಿಷಯಕ್ಕೆ ಜಟಾಪಟಿಯಾಯಿತು. ಅವಳು ಒಳಗೆ ಕೋಣೆಯಲ್ಲಿ, ನಾನು ಹಜಾರದಲ್ಲಿ. ನಡುವೆ ಹತ್ತು ಹೆಜ್ಜೆ. ಎದ್ದುಹೋಗಿ ಎರಡು ಮಾತಾಡುವ ಬದಲು ವಾಟ್ಸಾಪಿನಲ್ಲಿ ‘ನೀ ಬಂದು ನಿಂತಾಗ’ ಕಳಿಸಿದೆ. ಗುರುತು ನೀಲಿಯಾಯಿತು. ಟೈಪಿಸುತ್ತಿದ್ದಾಳೆ ಎಂದು ತೋರಿಸಿತು, ನಿಂತಿತು, ಮತ್ತೆ ತೋರಿಸಿತು. ಕೊನೆಗೆ ಉತ್ತರ ಬಂತು: ‘ಹಾಡು ಆಮೇಲೆ. ಕುಕ್ಕರ್ ಮೂರು ಸಲ ಕೂಗಿದ ಮೇಲೆ ಆಫ್ ಮಾಡಿ.’

ಮಾಡಿದೆ. ಬಂದು ಕೂತು ಅದೇ ಹಾಡನ್ನು ಇನ್ನೊಮ್ಮೆ ಕಳಿಸಿದೆ. ಈ ಸಲ ಒಂದು ಕೆಂಪು ಹೃದಯ ಬಂತು. ಅದೂ ಅವಳದಲ್ಲ, ಫೋನು ತಯಾರಿಸಿದವರು ಎಲ್ಲರಿಗೂ ಒಂದೇ ಅಚ್ಚಿನಲ್ಲಿ ಮಾಡಿಟ್ಟದ್ದು. ನಮ್ಮ ಮನೆತನದಲ್ಲಿ ಅಷ್ಟಾದರೆ ಧಾರಾಳವಾಯಿತು.